ಸಿಗ್ನಲ್ ಇದೆ, ಫೋನ್ ಇಲ್ಲ: ‘ತುರ್ತು ಕರೆಗಳು ಮಾತ್ರ’ ಎಂದರೆ ಏನು, ಸರಿಮಾಡುವುದು ಹೇಗೆ?

ಒಟಿಪಿಗಾಗಿ ಕಾಯುತ್ತಾ ಕೂತಿದ್ದೀರಿ. ಒಂದು ನಿಮಿಷ ಆಯಿತು, ಎರಡಾಯಿತು, ಬರಲೇ ಇಲ್ಲ. ಪರದೆಯ ಮೇಲ್ತುದಿ ನೋಡಿದರೆ ಕಂಪನಿಯ ಹೆಸರು ಇರಬೇಕಾದ ಜಾಗದಲ್ಲಿ ‘ತುರ್ತು ಕರೆಗಳು ಮಾತ್ರ’ ಎಂದು ಬರೆದಿದೆ. ಬೈದುಕೊಂಡು ಫೋನ್ ಪಕ್ಕಕ್ಕಿಡುತ್ತೀರಿ. ಐದು ನಿಮಿಷ ಬಿಟ್ಟು ನೋಡಿದರೆ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಸಿಗ್ನಲ್ ಕಡ್ಡಿಗಳು ಎದ್ದು ನಿಂತಿವೆ. ಸಂಜೆ ಮತ್ತೆ ಅದೇ ಕತೆ.

ಪೂರ್ತಿ ಕೆಟ್ಟ ಫೋನಾದರೆ ರಿಪೇರಿಗೆ ಕೊಡಬಹುದು. ಹೀಗೆ ಬಂದು ಹೋಗುವ ಕಾಯಿಲೆಯೇ ಕಷ್ಟ. ತೋರಿಸಲು ಹೋದಾಗ ಸರಿಯಾಗಿರುತ್ತದೆ, ವಾಪಸ್ ಬಂದ ಮೇಲೆ ಕೈಕೊಡುತ್ತದೆ. ಆದರೆ ಈ ಎರಡು ಮೂರು ಪದಗಳ ಸಂದೇಶ ಸುಮ್ನೆ ಬರುವುದಿಲ್ಲ. ತಪ್ಪು ಎಲ್ಲಿದೆ ಎಂಬ ಸುಳಿವು ಅದರಲ್ಲೇ ಇದೆ.

## ‘ಸೇವೆ ಇಲ್ಲ’ ಬೇರೆ, ‘ತುರ್ತು ಕರೆಗಳು ಮಾತ್ರ’ ಬೇರೆ

ತುಂಬಾ ಜನ ಈ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ‘ಸೇವೆ ಇಲ್ಲ’ ಎಂದು ಬಂದರೆ ಫೋನಿಗೆ ಯಾವ ಟವರಿನ ದನಿಯೂ ಕೇಳುತ್ತಿಲ್ಲ ಎಂದರ್ಥ. ನೆಲಮಾಳಿಗೆಯಲ್ಲಿ, ಲಿಫ್ಟಿನೊಳಗೆ, ದಟ್ಟ ಕಾಡಿನಲ್ಲಿ ಹೀಗಾಗುತ್ತದೆ.

‘ತುರ್ತು ಕರೆಗಳು ಮಾತ್ರ’ ಎಂದು ಬಂದರೆ ಕತೆ ಬೇರೆ. ಫೋನಿಗೆ ಯಾವುದೋ ಒಂದು ಟವರ್ ಚೆನ್ನಾಗಿಯೇ ಕೇಳುತ್ತಿದೆ. ಅದು ನಿಮ್ಮ ಕಂಪನಿಯದ್ದೇ ಇರಬಹುದು, ಬೇರೆಯವರದ್ದೂ ಇರಬಹುದು. ಆದರೆ ಅಲ್ಲಿ ನಿಮ್ಮ ಹೆಸರು ದಾಖಲಾಗಿಲ್ಲ. ಅಂದರೆ ಕೊರತೆ ಇರುವುದು ಸಿಗ್ನಲ್‌ದಲ್ಲ, ಅನುಮತಿಯದು.

ಒಂದು ದೊಡ್ಡ ಕಟ್ಟಡದ ಗೇಟು ನೆನೆಸಿಕೊಳ್ಳಿ. ಕಾವಲುಗಾರನ ಹತ್ತಿರ ಒಂದು ರಿಜಿಸ್ಟರ್ ಇದೆ. ಅದರಲ್ಲಿ ಹೆಸರಿದ್ದವರು ಒಳಗೆ, ಇಲ್ಲದವರು ಹೊರಗೆ. ಆದರೆ ಯಾರಾದರೂ ರಕ್ತ ಸುರಿಸಿಕೊಂಡು ಓಡಿ ಬಂದರೆ ಅವನು ಗುರುತಿನ ಚೀಟಿ ಕೇಳುವುದಿಲ್ಲ, ಗೇಟು ತೆಗೆಯುತ್ತಾನೆ. ಮೊಬೈಲ್ ಜಾಲಗಳ ನಿಯಮವೂ ಹೀಗೇ ಇದೆ. ದಾಖಲಾಗದ ಫೋನ್ ಕೂಡ ಹತ್ತಿರದ ಯಾವುದಾದರೂ ಟವರಿಗೆ ಅಂಟಿಕೊಂಡು ತುರ್ತು ಕರೆಗೆ ಮಾತ್ರ ಸಿದ್ಧವಾಗಿ ನಿಲ್ಲುತ್ತದೆ. ಇಂಟರ್ನೆಟ್ ಇಲ್ಲ, ಮೆಸೇಜ್ ಇಲ್ಲ, ಬರುವ ಕರೆ ಇಲ್ಲ. ಐಫೋನಿನಲ್ಲಿ ಇದೇ ಸ್ಥಿತಿಗೆ ‘ಎಸ್‌ಒಎಸ್’ ಎಂಬ ಮೂರಕ್ಷರ ಕಾಣುತ್ತದೆ.

ಇಲ್ಲೊಂದು ಸಣ್ಣ ಗೊಂದಲ ಬಿಡಿಸಿಬಿಡೋಣ. ಲಾಕ್ ಆದ ಪರದೆಯ ಕೆಳಗಡೆ ‘ತುರ್ತು ಕರೆ’ ಎಂಬ ಬಟನ್ ಸದಾ ಇರುತ್ತದೆ. ಅದು ದೋಷವಲ್ಲ. ಪಾಸ್‌ವರ್ಡ್ ಗೊತ್ತಿಲ್ಲದವರೂ ಸಹಾಯ ಕೇಳಲಿ ಎಂದು ಇಟ್ಟಿರುವುದು. ಹಾಗೆಯೇ ಎರಡು ಸಿಮ್ ಹಾಕುವ ಕೆಲವು ಫೋನ್‌ಗಳಲ್ಲಿ ಒಂದು ಜಾಗ ಖಾಲಿ ಇದ್ದರೆ ಆ ಖಾಲಿ ಜಾಗದ ಪರವಾಗಿ ಈ ಸಂದೇಶ ಬರುತ್ತದೆ. ಇನ್ನೊಂದು ಸಿಮ್‌ನಿಂದ ಕರೆ ಹೋಗುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

## ಗೇಟಿನ ಹತ್ತಿರ ನಡೆಯುವ ಮಾತುಕತೆ

ಫೋನ್ ಆನ್ ಮಾಡಿದಾಗ ಕೆಲವೇ ಸೆಕೆಂಡುಗಳಲ್ಲಿ ಒಂದು ಸಂಭಾಷಣೆ ನಡೆದುಹೋಗುತ್ತದೆ. ಅದನ್ನು ತಿಳಿದುಕೊಂಡರೆ ತಪ್ಪು ಹುಡುಕುವುದು ಸುಲಭ.

ಮೊದಲು ಫೋನ್ ತನ್ನೊಳಗಿನ ಸಿಮ್ ಅನ್ನು ಕೇಳುತ್ತದೆ: ‘ನಾವು ಯಾರು?’ ಸಿಮ್ ಎಂದರೆ ಬರೀ ಪ್ಲಾಸ್ಟಿಕ್ ಚೂರಲ್ಲ, ಅದೊಂದು ಪುಟ್ಟ ಕಂಪ್ಯೂಟರ್. 1991ರಲ್ಲಿ ಮೊದಲ ಸಿಮ್‌ಗಳು ಬಂದಾಗ ಅವು ಎಟಿಎಂ ಕಾರ್ಡಿನಷ್ಟು ದೊಡ್ಡದಿದ್ದವು. ಈಗಿನ ನ್ಯಾನೋ ಸಿಮ್ 12.3 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲ. ಗಾತ್ರ ಕುಗ್ಗಿದೆ, ಕೆಲಸ ಬದಲಾಗಿಲ್ಲ. ಅದರೊಳಗೆ ಮುಖ್ಯವಾಗಿ ಎರಡು ವಿಷಯ ಇರುತ್ತವೆ. ಒಂದು, ಹೆಚ್ಚೆಂದರೆ 15 ಅಂಕಿಯ ಒಂದು ಗುರುತಿನ ಸಂಖ್ಯೆ. ಇದು ನಿಮ್ಮ ಫೋನ್ ನಂಬರ್ ಅಲ್ಲ. ಇದರ ಮೊದಲ ಮೂರು ಅಂಕಿ ದೇಶವನ್ನು, ನಂತರದ ಎರಡೋ ಮೂರೋ ಅಂಕಿ ಕಂಪನಿಯನ್ನು, ಉಳಿದದ್ದು ಗ್ರಾಹಕರನ್ನು ಸೂಚಿಸುತ್ತವೆ. ಎರಡು, ಒಂದು ಗುಟ್ಟಿನ ಕೀಲಿ. ಅದು ಸಿಮ್‌ಗೂ ಕಂಪನಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ.

ಫೋನ್ ಆ ಗುರುತನ್ನು ಟವರಿನ ಮೂಲಕ ಕಂಪನಿಗೆ ಕಳಿಸುತ್ತದೆ. ಕಂಪನಿ ಅದನ್ನು ನಂಬಿ ತಕ್ಷಣ ಒಳಗೆ ಬಿಡುವುದಿಲ್ಲ, ಒಂದು ಪರೀಕ್ಷೆ ಇಡುತ್ತದೆ. ಮನಸ್ಸಿಗೆ ಬಂದ ಒಂದು ದೊಡ್ಡ ಸಂಖ್ಯೆ ಕಳಿಸಿ, ‘ಇದನ್ನು ನಿನ್ನ ಕೀಲಿಯ ಜೊತೆ ಸೇರಿಸಿ ಲೆಕ್ಕ ಮಾಡು, ಉತ್ತರ ಹೇಳು’ ಎನ್ನುತ್ತದೆ. ಸಿಮ್ ಉತ್ತರ ಕಳಿಸುತ್ತದೆ. ಕಂಪನಿಯೂ ಅದೇ ಲೆಕ್ಕ ಮಾಡಿಟ್ಟಿರುತ್ತದೆ. ಎರಡೂ ತಾಳೆಯಾದರೆ ಹೆಸರು ರಿಜಿಸ್ಟರಿಗೆ ಹೋಗುತ್ತದೆ. ಕೀಲಿ ಮಾತ್ರ ಒಂದು ಸಲವೂ ಗಾಳಿಯಲ್ಲಿ ಹೋಗುವುದಿಲ್ಲ. ಕದ್ದು ಕೇಳಿಸಿಕೊಂಡವನಿಗೆ ಸಿಗುವುದು ಒಂದು ಪ್ರಶ್ನೆ, ಒಂದು ಉತ್ತರ ಅಷ್ಟೇ. ಮುಂದಿನ ಸಲ ಪ್ರಶ್ನೆಯೇ ಬೇರೆ ಇರುತ್ತದೆ.

ಈ ಮಾತುಕತೆ ನಾಲ್ಕು ಕಡೆ ಮುರಿಯಬಹುದು. ಸಿಮ್ ಬಾಯಿ ಬಿಡದೇ ಇರಬಹುದು. ಫೋನಿನ ದನಿ ಟವರಿಗೆ ಮುಟ್ಟದೇ ಇರಬಹುದು. ಕಂಪನಿಯ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಗೆರೆ ಎಳೆದಿರಬಹುದು. ಇಲ್ಲವೇ ಪುಸ್ತಕ ಇಟ್ಟ ಕಂಪ್ಯೂಟರೇ ಕೆಟ್ಟಿರಬಹುದು. ಯಾವುದೇ ಮುರಿದರೂ ಪರದೆಯ ಮೇಲೆ ಹೆಚ್ಚಾಗಿ ಬರುವುದು ಒಂದೇ ಸಂದೇಶ. ಅದೇ ಇಲ್ಲಿನ ತೊಂದರೆ.

## ಒಮ್ಮೆ ದಾಖಲಾದ ಮೇಲೆ ಮತ್ತೆ ಯಾಕೆ ತಪ್ಪುತ್ತದೆ?

ಬೆಳಿಗ್ಗೆ ಹೆಸರು ಬರೆಸಿದರೆ ದಿನಪೂರ್ತಿ ನಡೆಯಬೇಕಲ್ವಾ? ನಡೆಯುವುದಿಲ್ಲ. ಯಾಕೆಂದರೆ ನಿಮಗೆ ಕರೆ ಬಂದಾಗ ಎಲ್ಲಿ ಹುಡುಕಬೇಕು ಎಂದು ಜಾಲಕ್ಕೆ ಗೊತ್ತಿರಬೇಕು. ಹಾಗಾಗಿ ನೀವು ಒಂದು ಟವರ್ ಗುಂಪಿನ ಪ್ರದೇಶ ದಾಟಿ ಇನ್ನೊಂದಕ್ಕೆ ಹೋದಾಗೆಲ್ಲ ಫೋನ್ ‘ನಾನೀಗ ಇಲ್ಲಿದ್ದೇನೆ’ ಎಂದು ಹೇಳಬೇಕು. ಕೂತಲ್ಲೇ ಕೂತಿದ್ದರೂ ಆಗಾಗ ಹಾಜರಿ ಹಾಕಬೇಕು. 4ಜಿ ನಿಯಮಾವಳಿಯಲ್ಲಿ ಕಂಪನಿ ಬೇರೆ ಏನೂ ಹೇಳದಿದ್ದರೆ ಈ ಹಾಜರಿ 54 ನಿಮಿಷಕ್ಕೊಮ್ಮೆ. ಪ್ರತಿ ಹಾಜರಿಯೂ ತಪ್ಪುವುದಕ್ಕೆ ಒಂದು ಅವಕಾಶ.

ತಪ್ಪಿದಾಗ ಫೋನ್ ಸುಮ್ಮನಿರುವುದಿಲ್ಲ. 4ಜಿಯಲ್ಲಿ ಸಾಮಾನ್ಯವಾಗಿ 10 ಸೆಕೆಂಡ್ ಬಿಟ್ಟು ಬಿಟ್ಟು ಒಟ್ಟು ಐದು ಸಲ ಬಾಗಿಲು ತಟ್ಟುತ್ತದೆ. ಐದೂ ಸಲ ಆಗದಿದ್ದರೆ ದೀರ್ಘ ಬಿಡುವು ತೆಗೆದುಕೊಳ್ಳುತ್ತದೆ. ಆ ಬಿಡುವು ಸುಮಾರು 12 ನಿಮಿಷ. ಆಮೇಲೆ ಮತ್ತೆ ಶುರು. ನೀವು ಏನೂ ಮಾಡದೆ ಕಾಲು ಗಂಟೆಯಲ್ಲಿ ತಾನಾಗಿ ಸರಿಯಾಗುವ ಫೋನಿನ ಹಿಂದೆ ಎಷ್ಟೋ ಸಲ ಇದೇ ಗಡಿಯಾರ ಓಡುತ್ತಿರುತ್ತದೆ.

‘ಆಫ್ ಮಾಡಿ ಆನ್ ಮಾಡಿ’ ಎಂಬ ಸಲಹೆಯನ್ನು ನಾನೂ ತುಂಬಾ ದಿನ ತಮಾಷೆ ಮಾಡುತ್ತಿದ್ದೆ. ಆದರೆ ಅದಕ್ಕೆ ಗಟ್ಟಿ ಕಾರಣವಿದೆ. ಕೆಲವು ಬಗೆಯ ನಿರಾಕರಣೆ ಬಂದಾಗ ‘ಈ ಸಿಮ್ ನಡೆಯುವುದಿಲ್ಲ’ ಎಂದು ಫೋನ್ ಗುರುತು ಹಾಕಿಕೊಂಡು ಮತ್ತೆ ಪ್ರಯತ್ನವನ್ನೇ ಮಾಡುವುದಿಲ್ಲ. ಸ್ವಿಚ್ ಆಫ್ ಮಾಡಿದಾಗ ಅಥವಾ ಸಿಮ್ ತೆಗೆದು ಹಾಕಿದಾಗ ಆ ಗುರುತು ಅಳಿಸಿಹೋಗುತ್ತದೆ. ಬಿಡುವಿನ ಗಡಿಯಾರವೂ ಸೊನ್ನೆಗೆ ಬರುತ್ತದೆ. ನಿರಾಕರಣೆಗೆ ಕಾರಣ ಒಂದು ಕ್ಷಣದ್ದಾಗಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು. ಮತ್ತೆ ಮತ್ತೆ ಬರುತ್ತಿದ್ದರೆ ಮೂಲ ಹುಡುಕಬೇಕು.

ಅದಕ್ಕೆ ಒಂದೆರಡು ದಿನ ಸುಮ್ಮನೆ ಗಮನಿಸಿ. ಒಂದೇ ಜಾಗದಲ್ಲಿ ಆಗುತ್ತಿದೆಯಾ? ಅಲ್ಲಿನ ಟವರ್ ದೂರ ಇರಬಹುದು. ಫೋನ್ ಎತ್ತಿದಾಗ, ಜೇಬಿಗೆ ಹಾಕಿದಾಗ, ಕೈಜಾರಿ ಬಿದ್ದಾಗ ಆಗುತ್ತಿದೆಯಾ? ಸಿಮ್ ಅಲುಗಾಡುತ್ತಿರಬಹುದು. ಫೋನ್ ಬಿಸಿಯಾದಾಗ ಆಗುತ್ತಿದೆಯಾ? ಒಳಗಿನ ಬೆಸುಗೆ ಬಿಟ್ಟಿರಬಹುದು. ಎಲ್ಲಿದ್ದರೂ, ಹೇಗಿದ್ದರೂ, ಬಂದದ್ದು ಹೋಗುತ್ತಲೇ ಇಲ್ಲವಾ? ಆಗ ಕಂಪನಿಯ ಪುಸ್ತಕದ ಕಡೆ ನೋಡಬೇಕು.

## ಮೊದಲ ಐದು ನಿಮಿಷದ ಕೆಲಸ

ಅಕ್ಕಪಕ್ಕದಲ್ಲಿ ಅದೇ ಕಂಪನಿಯ ಸಿಮ್ ಇರುವವರನ್ನು ಮೊದಲು ಕೇಳಿ. ಅವರಿಗೂ ಹೀಗೇ ಆಗಿದ್ದರೆ ನಿಮ್ಮ ಫೋನ್ ಬಿಚ್ಚುವ ಅಗತ್ಯವೇ ಇಲ್ಲ, ಕಾಯಿರಿ.

ಅವರದು ಸರಿಯಿದ್ದರೆ ಏರ್‌ಪ್ಲೇನ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಆಗಲಿಲ್ಲ ಎಂದರೆ ಪೂರ್ತಿ ರೀಸ್ಟಾರ್ಟ್. ಆನ್ ಆಗುವಾಗ ಸಿಮ್ ಪಿನ್ ಕೇಳಿತೇ ಎಂದು ಗಮನಿಸಿ. ಪಿನ್ ಹಾಕದೆ ಪಕ್ಕಕ್ಕೆ ಸರಿಸಿಬಿಟ್ಟರೆ ಸಿಮ್ ತನ್ನ ಗುರುತನ್ನು ಹೇಳುವುದೇ ಇಲ್ಲ, ಫೋನ್ ತುರ್ತು ಕರೆಯಲ್ಲೇ ಉಳಿಯುತ್ತದೆ. ಊಹೆಯ ಮೇಲೆ ಪಿನ್ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ, ಅದನ್ನು ಬಿಡಿಸಲು ಪಿಯುಕೆ ಎಂಬ 8 ಅಂಕಿಯ ಸಂಖ್ಯೆ ಕೇಳುತ್ತದೆ. ಅದನ್ನು ಕಂಪನಿಯಿಂದಲೇ ಪಡೆಯಬೇಕು. ಪಿಯುಕೆ 10 ಸಲ ತಪ್ಪಿದರೆ ಆ ಸಿಮ್ ಕಸದ ಬುಟ್ಟಿಗೆ.

ಇನ್ನೊಂದು ಜಾಗ ತುಂಬಾ ಜನ ನೋಡುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಎಂಬ ಕಡೆ ನೆಟ್‌ವರ್ಕ್ ಆಯ್ಕೆ ‘ಸ್ವಯಂಚಾಲಿತ’ ಎಂದು ಇದೆಯೇ ನೋಡಿ. ಪ್ರಯಾಣದಲ್ಲಿ ಯಾವಾಗಲೋ ಒಮ್ಮೆ ಕೈಯಾರೆ ಒಂದು ಜಾಲ ಆರಿಸಿಟ್ಟು ಮರೆತಿದ್ದರೆ, ಫೋನ್ ಹಟಮಾರಿ ಮಗುವಿನ ಹಾಗೆ ಅದನ್ನೇ ಹುಡುಕುತ್ತಿರುತ್ತದೆ. ಪಕ್ಕದಲ್ಲೇ ನಿಮ್ಮ ಕಂಪನಿಯ ಟವರ್ ಇದ್ದರೂ ಅತ್ತ ತಿರುಗಿ ನೋಡುವುದಿಲ್ಲ. ಹಾಗೆಯೇ ‘5ಜಿ ಮಾತ್ರ’, ‘3ಜಿ ಮಾತ್ರ’ ಎಂಬ ರೀತಿಯ ಆಯ್ಕೆ ಇದ್ದರೆ ಅದನ್ನೂ ಎಲ್ಲವೂ ಸೇರಿದ ಆಯ್ಕೆಗೆ ಬದಲಿಸಿ.

ಕೊನೆಯದಾಗಿ ‘ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್’. ಇದರಿಂದ ಫೋಟೋ, ನಂಬರುಗಳು ಹೋಗುವುದಿಲ್ಲ. ಆದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್, ಬ್ಲೂಟೂತ್ ಜೋಡಿಗಳು ಅಳಿಸಿಹೋಗುತ್ತವೆ. ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ತುಂಬಿದ ಸಿಮ್, ಇರುವವರು ಇಲ್ಲಿ ಎಚ್ಚರ ವಹಿಸಬೇಕು. ಕೆಲವು ಫೋನ್‌ಗಳಲ್ಲಿ ರೀಸೆಟ್ ಮಾಡುವಾಗ ‘ಇ-ಸಿಮ್ ಕೂಡ ಅಳಿಸಲೇ?’ ಎಂದು ಪಕ್ಕದಲ್ಲೇ ಕೇಳುತ್ತದೆ. ಅದಕ್ಕೆ ಹೂಂ ಎಂದರೆ ಮತ್ತೆ ಕಂಪನಿಯಿಂದ ಹೊಸದಾಗಿ ಹಾಕಿಸಿಕೊಳ್ಳಬೇಕಾಗಬಹುದು.

## ಸಿಮ್ ಅನ್ನು ಬೆಳಕಿಗೆ ಹಿಡಿದು ನೋಡಿ

ನನ್ನದೇ ಒಂದು ಹಳೆಯ ಫೋನ್ ಮೂರು ವಾರ ಹೀಗೆ ಆಟವಾಡಿಸಿತ್ತು. ಮೇಜಿನ ಮೇಲಿದ್ದರೆ ಸರಿ. ಪ್ಯಾಂಟಿನ ಜೇಬಿನಲ್ಲಿಟ್ಟು ಕೂತು ಎದ್ದರೆ ತುರ್ತು ಕರೆ ಮಾತ್ರ. ನಾನು ಟವರನ್ನು ಬೈದೆ, ಸಾಫ್ಟ್‌ವೇರ್ ಅಪ್‌ಡೇಟ್ ಅನ್ನು ಬೈದೆ. ಕೊನೆಗೊಂದು ದಿನ ಟ್ರೇ ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಸಿಮ್‌ನ ಒಂದು ಅಂಚಿನಲ್ಲಿ ಉಗುರಿಗೆ ತಾಗುವಷ್ಟು ಸಣ್ಣ ಮುಳ್ಳು. ದೊಡ್ಡ ಸಿಮ್ ಅನ್ನು ಕತ್ತರಿಸಿ ನ್ಯಾನೋ ಮಾಡಿದಾಗ ಉಳಿದದ್ದು. ಅದರಿಂದಾಗಿ ಸಿಮ್ ಟ್ರೇಯಲ್ಲಿ ಒಂದು ಕೂದಲೆಳೆಯಷ್ಟು ಓರೆಯಾಗಿ ಕೂರುತ್ತಿತ್ತು. ಚಿನ್ನದ ಬಣ್ಣದ ಮೇಲೆ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಕಪ್ಪು ಗೆರೆ ಬಿದ್ದಿತ್ತು.

ಆ ಚಿನ್ನದ ಬಣ್ಣದ ಭಾಗವನ್ನು ಸರಿಯಾಗಿ ನೋಡಿದರೆ ಅದು ಒಂದೇ ತಗಡಲ್ಲ ಎಂದು ಗೊತ್ತಾಗುತ್ತದೆ. ಸಣ್ಣ ಗೆರೆಗಳಿಂದ ಆರೋ ಎಂಟೋ ತುಂಡಾಗಿರುತ್ತದೆ. ಒಂದರಿಂದ ಕರೆಂಟ್ ಬರುತ್ತದೆ, ಇನ್ನೊಂದರಿಂದ ವಾಪಸ್ ಹೋಗುತ್ತದೆ, ಮತ್ತೊಂದು ಗಡಿಯಾರದ ತಾಳ ಕೊಡುತ್ತದೆ, ಒಂದು ಸಿಮ್ ಅನ್ನು ಹೊಸದಾಗಿ ಎಬ್ಬಿಸಲು. ಮಾತು ಹೋಗಿ ಬರುವುದು ಒಂದೇ ಒಂದು ತುಂಡಿನ ಮೂಲಕ. ಫೋನಿನೊಳಗೆ ಇದಕ್ಕೆ ಎದುರಾಗಿ ಕೂದಲಿನಂಥ ಲೋಹದ ಸ್ಪ್ರಿಂಗುಗಳಿವೆ. ಅವುಗಳಲ್ಲಿ ಒಂದು ಕ್ಷಣಮಾತ್ರ ಬಿಟ್ಟುಕೊಂಡರೂ ಸಿಮ್ ಮಾಯವಾಯಿತು ಎಂದೇ ಫೋನ್ ತಿಳಿಯುತ್ತದೆ.

ತೆಗೆಯುವ ಮುಂಚೆ ಫೋನ್ ಆಫ್ ಮಾಡಿ. ಮೃದುವಾದ, ಒಣ ಬಟ್ಟೆಯಿಂದ ಚಿನ್ನದ ಭಾಗ ಒರೆಸಿ. ಜಿಡ್ಡು ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಾಗಿಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ನೀರು ಬೇಡ. ಬ್ಲೇಡಿನಿಂದ ಕೆರೆಯುವುದು, ಮರಳು ಕಾಗದದಿಂದ ಉಜ್ಜುವುದು ಬೇಡವೇ ಬೇಡ. ಮೇಲಿನ ಚಿನ್ನದ ಲೇಪ ತುಂಬಾ ತೆಳು.

ಸಿಮ್ ಸಡಿಲವಾಗಿದ್ದರೆ ಹಿಂದೆ ಕಾಗದದ ಚೂರು ಅಥವಾ ಟೇಪ್ ಅಂಟಿಸಿ ದಪ್ಪ ಮಾಡುವ ಉಪಾಯ ನೀವು ಕೇಳಿರಬಹುದು. ಒಂದು ವಾರ ಕೆಲಸ ಮಾಡಬಹುದು, ನಿಜ. ಆದರೆ ನ್ಯಾನೋ ಸಿಮ್‌ಗೆ ಇರುವ ಜಾಗವೇ 0.67 ಮಿಲಿಮೀಟರ್. ಹಳೆಯ ಸಿಮ್‌ಗಳ ದಪ್ಪ 0.76. ಈ ವ್ಯತ್ಯಾಸಕ್ಕೇ ಕತ್ತರಿಸಿದ ಸಿಮ್ ಕೆಲವು ಫೋನ್‌ಗಳಲ್ಲಿ ಬಿಗಿಯಾಗಿ ಸ್ಪ್ರಿಂಗ್ ಬಾಗಿಸಿಬಿಡುತ್ತದೆ. ಅದರ ಮೇಲೆ ಕಾಗದವನ್ನೂ ತುರುಕಿದರೆ ಟ್ರೇ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕಿಂತ ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಳ್ಳುವುದೇ ವಾಸಿ. ನಾನೂ ಕೊನೆಗೆ ಅದನ್ನೇ ಮಾಡಿದೆ.

## ಅದಲು ಬದಲು: ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ

ಇಷ್ಟಾದರೂ ಸರಿಹೋಗಲಿಲ್ಲ ಎಂದರೆ ಯಾರಿಗಾದರೂ ದುಡ್ಡು ಕೊಡುವ ಮುಂಚೆ ಈ ಒಂದು ಕೆಲಸ ಮಾಡಿ. ನಿಮ್ಮ ಸಿಮ್ ಅನ್ನು ಬೇರೆಯವರ ಫೋನಿಗೆ, ಅವರ ಸಿಮ್ ಅನ್ನು ನಿಮ್ಮ ಫೋನಿಗೆ ಹಾಕಿ. ಎರಡನ್ನೂ ಮಾಡಬೇಕು, ಒಂದನ್ನು ಮಾಡಿ ನಿಲ್ಲಿಸಬೇಡಿ. ಆಗಾಗ ಬರುವ ದೋಷವಾದ್ದರಿಂದ ಐದು ನಿಮಿಷ ಸಾಲದು, ಸಾಧ್ಯವಾದರೆ ಅರ್ಧ ದಿನ ಹಾಗೇ ಬಿಡಿ.

ಕಾಯಿಲೆ ನಿಮ್ಮ ಸಿಮ್ ಜೊತೆ ಅವರ ಫೋನಿಗೆ ಹೋಯಿತೇ? ಹಾಗಾದರೆ ತಪ್ಪು ಸಿಮ್‌ದು, ಇಲ್ಲವೇ ಅದರ ಹಿಂದಿನ ಖಾತೆಯದು. ಕಾಯಿಲೆ ನಿಮ್ಮ ಫೋನಿನಲ್ಲೇ ಉಳಿಯಿತೇ? ಫೋನಿನದು. ಎರಡೂ ಕಡೆ ಎಲ್ಲವೂ ಸರಿಯಾಗಿ ನಡೆಯಿತೇ? ಸಿಮ್ ತೆಗೆದು ಹಾಕಿದಾಗಲೇ ಸರಿಹೋಗಿರಬಹುದು ಅಥವಾ ನಿಮ್ಮ ಸಿಮ್ ಆ ಟ್ರೇಗೆ ಹೊಂದುತ್ತಿಲ್ಲ. ನನ್ನ ಸಿಮ್‌ನ ಮುಳ್ಳಿನ ಕತೆ ಈ ಮೂರನೆಯ ಬಗೆಯದು.

ಒಂದೇ ಒಂದು ಎಚ್ಚರಿಕೆ. ಕೆಲವು ಬ್ಯಾಂಕ್ ಆ್ಯಪ್‌ಗಳು ಸಿಮ್ ಬದಲಾದದ್ದು ಕಂಡ ಕೂಡಲೇ ಮತ್ತೆ ನೋಂದಣಿ ಕೇಳುತ್ತವೆ. ಅದು ಸಹಜ, ಹೆದರಬೇಡಿ.

## ಸಿಮ್ ಕಡೆ ಬೊಟ್ಟು ತೋರಿಸಿದರೆ

ಸಿಮ್ ಭೌತಿಕವಾಗಿ ಚೆನ್ನಾಗಿದ್ದರೂ ಕಂಪನಿಯ ಪುಸ್ತಕದಲ್ಲಿ ಅದಕ್ಕೆ ಬಾಗಿಲು ಮುಚ್ಚಿರಬಹುದು. ತುಂಬಾ ದಿನ ಬಳಸದ ಸಿಮ್, ದಾಖಲೆ ಪರಿಶೀಲನೆ ಬಾಕಿ ಇರುವ ಸಿಮ್, ಬಿಲ್ ಕಟ್ಟದ ಸಂಪರ್ಕ, ಇನ್ನೂ ಚಾಲೂ ಆಗದ ಹೊಸ ಸಿಮ್, ಕಂಪನಿ ಬದಲಿಸುವಾಗ ಸತ್ತುಹೋದ ಹಳೆಯ ಸಿಮ್. ಇವೆಲ್ಲಕ್ಕೂ ಮದ್ದು ಒಂದೇ: ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ ‘ನನ್ನ ಸಿಮ್ ಚಾಲೂ ಇದೆಯಾ?’ ಎಂದು ಕೇಳುವುದು.

ಈ ಪಟ್ಟಿಯಲ್ಲಿ ಒಂದು ಮಾತ್ರ ತಡಮಾಡುವಂಥದ್ದಲ್ಲ. ನಿಮ್ಮ ನಂಬರಿಗೆ ಬೇರೆ ಯಾರೋ ಮೋಸದಿಂದ ಹೊಸ ಸಿಮ್ ಪಡೆದಿರಬಹುದು. ಒಂದು ನಂಬರಿಗೆ ಹೊಸ ಸಿಮ್ ಚಾಲೂ ಆದ ಕ್ಷಣ ಹಳೆಯದು ನಿಲ್ಲುತ್ತದೆ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಕಾಣುವುದು ಅದೇ ‘ತುರ್ತು ಕರೆಗಳು ಮಾತ್ರ’. ಅತ್ತ ನಿಮ್ಮ ಒಟಿಪಿಗಳೆಲ್ಲ ಅವರಿಗೆ ಹೋಗುತ್ತಿರುತ್ತವೆ. ಸಾಮಾನ್ಯ ದೋಷ ಬಂದು ಹೋಗುತ್ತದೆ, ಇದು ಬಂದದ್ದು ಹೋಗುವುದಿಲ್ಲ. ಹಿಂದೆ ಏನೂ ತೊಂದರೆ ಇರದ ಫೋನ್ ಒಮ್ಮೆಲೇ ಹೀಗಾಗಿ, ರೀಸ್ಟಾರ್ಟಿಗೂ ಬಗ್ಗದೆ, ಪಕ್ಕದವರ ಅದೇ ಕಂಪನಿಯ ಸಿಗ್ನಲ್ ಚೆನ್ನಾಗಿದ್ದರೆ ಅಂದೇ, ಆಗಲೇ ಬೇರೆ ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ಕರೆ ಮಾಡಿ. ನಾಳೆ ನೋಡೋಣ ಎನ್ನಬೇಡಿ. ಸ್ವಲ್ಪ ಮುಂಚೆ ‘ನಿಮ್ಮ ಸಿಮ್ ಬದಲಾವಣೆಯ ಕೋರಿಕೆ ಬಂದಿದೆ’ ಎಂಬಂಥ ಮೆಸೇಜ್ ಬಂದಿದ್ದರಂತೂ ಅನುಮಾನವೇ ಬೇಡ.

## ಫೋನ್ ಕಡೆ ಬೊಟ್ಟು ತೋರಿಸಿದರೆ

ಇಲ್ಲಿ ತುಂಬಾ ಜನರಿಗೆ ಅರ್ಥವಾಗದ ಒಂದು ಸಂಗತಿ ಇದೆ: ಕಡ್ಡಿ ಪೂರ್ತಿ ಇದ್ದರೂ ಫೋನ್ ದಾಖಲಾಗದೇ ಇರಬಹುದು. ಕಡ್ಡಿಗಳು ತೋರಿಸುವುದು ಫೋನಿಗೆ ಟವರ್ ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ಟವರಿಗೆ ಫೋನ್ ಕೇಳುತ್ತಿದೆಯೇ ಎಂಬುದನ್ನಲ್ಲ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. 4ಜಿ ಫೋನ್ ಮಾತಾಡುವುದು ಹೆಚ್ಚೆಂದರೆ 0.2 ವ್ಯಾಟ್‌ನಲ್ಲಿ. ಮೈದಾನದ ಆಚೆಯಿಂದ ಮೈಕಿನಲ್ಲಿ ಕರೆಯುವವನ ಮಾತು ನಿಮಗೆ ಕೇಳುತ್ತದೆ. ನೀವು ಬರೀ ಬಾಯಲ್ಲಿ ‘ಓ’ ಎಂದರೆ ಅವನಿಗೆ ಕೇಳುವುದಿಲ್ಲ.

ಫೋನಿನೊಳಗೆ ಈ ಕೂಗಾಟದ ಕೆಲಸಕ್ಕೆಂದೇ ಒಂದು ಚಿಪ್ ಇದೆ. ರಿಪೇರಿ ಮಾಡುವವರು ಅದನ್ನು ‘ಪಿಎ’ ಎನ್ನುತ್ತಾರೆ, ಪವರ್ ಆಂಪ್ಲಿಫೈಯರ್ ಎಂಬುದರ ಚಿಕ್ಕ ಹೆಸರು. ಫೋನ್ ಬಿದ್ದು ಅದರ ಬೆಸುಗೆ ಬಿಟ್ಟಿದ್ದರೆ, ನೀರು ಹೋಗಿದ್ದರೆ, ಕಿವಿ ಇದ್ದು ಬಾಯಿ ಇಲ್ಲದಂತಾಗುತ್ತದೆ. ಕಡ್ಡಿ ಕಾಣುತ್ತದೆ, ಕರೆ ಒತ್ತಿದ ತಕ್ಷಣ ಎಲ್ಲ ಬಿದ್ದುಹೋಗುತ್ತದೆ. ಇನ್ನು ಆಂಟೆನಾ ತಂತಿ. ದಾರದಷ್ಟು ತೆಳುವಾದ ಅದರ ತುದಿ ಕೆಲವು ಫೋನ್‌ಗಳಲ್ಲಿ ಬಟನ್ ಹಾಗೆ ಒತ್ತಿ ಕೂರಿಸಿದ್ದು ಇರುತ್ತದೆ. ಪರದೆ ಅಥವಾ ಬ್ಯಾಟರಿ ಬದಲಿಸಿದ ಮರುದಿನದಿಂದ ಈ ತೊಂದರೆ ಶುರುವಾಗಿದ್ದರೆ ಮೊದಲ ಅನುಮಾನ ಅದರ ಮೇಲೆ. ಲೋಹದ ಕವಚ ಹಾಕಿದ್ದರೆ ಅದನ್ನು ಒಂದು ದಿನ ತೆಗೆದಿಟ್ಟು ನೋಡುವುದಕ್ಕೆ ಖರ್ಚೇನೂ ಇಲ್ಲ.

ಎರಡನೆಯದು ಐಎಂಇಐ. ಸಿಮ್‌ಗೆ ಒಂದು ಗುರುತು ಇರುವ ಹಾಗೆ ಫೋನಿಗೂ 15 ಅಂಕಿಯ ಗುರುತಿದೆ. *#06# ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಎರಡು ಸಿಮ್ ಫೋನಿಗೆ ಎರಡು ಇರುತ್ತವೆ. ಅಲ್ಲಿ ಖಾಲಿ ಬಂದರೆ ಅಥವಾ ಬರೀ ಸೊನ್ನೆಗಳು ಬಂದರೆ ಫೋನಿನ ಸಾಫ್ಟ್‌ವೇರ್ ಹೊಸದಾಗಿ ತುಂಬುವಾಗ ಅದು ಅಳಿಸಿಹೋಗಿರಬಹುದು. ಇಂಥ ಫೋನನ್ನು ಜಾಲಗಳು ಹೊರಗಿಡಬಹುದು. ಇನ್ನು ಅಂಕಿಗಳು ಸರಿಯಿದ್ದೂ ಎಲ್ಲ ಸಿಮ್‌ಗೂ ನಿರಾಕರಣೆ ಬರುತ್ತಿದೆ, ಫೋನ್ ನೀವು ಯಾರಿಂದಲೋ ಹಳೆಯದು ಕೊಂಡದ್ದು ಎಂದಾದರೆ, ಅದು ಕಳುವಿನ ಪಟ್ಟಿಯಲ್ಲಿರಬಹುದು. ಕಳೆದುಹೋದ ಫೋನಿನ ಐಎಂಇಐ ಅನ್ನು ಮಾಲೀಕರು ತಡೆಹಿಡಿಸಿದರೆ ಆ ದೇಶದ ಜಾಲಗಳು ಅದನ್ನು ಒಳಗೆ ಬಿಡುವುದಿಲ್ಲ. ‘ನಂಬರ್ ಬದಲಿಸಿ ಕೊಡುತ್ತೇನೆ’ ಎನ್ನುವವರ ಮಾತಿಗೆ ಹೋಗಬೇಡಿ. ಎಷ್ಟೋ ದೇಶಗಳಲ್ಲಿ ಐಎಂಇಐ ತಿದ್ದುವುದೇ ಅಪರಾಧ.

ಕೆಲವು ಫೋನ್‌ಗಳಲ್ಲಿ ಏನೂ ಕೆಟ್ಟಿರುವುದಿಲ್ಲ, ಆದರೂ ನಡೆಯುವುದಿಲ್ಲ. ಒಂದು ಕಂಪನಿಗೆ ಲಾಕ್ ಆದ ಫೋನಿಗೆ ಬೇರೆ ಕಂಪನಿಯ ಸಿಮ್ ಹಾಕಿದರೆ ತುರ್ತು ಕರೆಯಷ್ಟೇ ಗತಿ. ಹಳೆಯ ಫೋನ್‌ಗಳಿಗೆ ಇನ್ನೊಂದು ಕಂಟಕ, 3ಜಿ ಮುಚ್ಚುತ್ತಿರುವುದು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು, ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಕೊನೆಯ 3ಜಿ ಜಾಲಗಳು ಬಂದ್ ಆದವು. 4ಜಿಯ ಮೇಲೆ ಮಾತಾಡುವ ವ್ಯವಸ್ಥೆಗೆ ವೋಲ್ಟೆ ಎನ್ನುತ್ತಾರೆ. ಅದು ಇಲ್ಲದ, ಇದ್ದರೂ ಆಫ್ ಆಗಿರುವ ಫೋನಿಗೆ ಹಳೆಯ ಜಾಲ ಮುಚ್ಚಿದ ಕಡೆ ಕರೆಗೆ ದಾರಿಯೇ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವೋಲ್ಟೆ ಆನ್ ಇದೆಯೇ ಒಮ್ಮೆ ನೋಡಿ.

## ಯಾರ ತಪ್ಪೂ ಅಲ್ಲ, ಜಾಲದ್ದೇ

2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಒ2, ಜಪಾನಿನ ಸಾಫ್ಟ್‌ಬ್ಯಾಂಕ್ ಎರಡರ ಜಾಲವೂ ಒಂದೇ ದಿನ ಕುಸಿದವು. ಟವರುಗಳೆಲ್ಲ ಗಟ್ಟಿಯಾಗಿ ನಿಂತೇ ಇದ್ದವು. ಎರಡೂ ಕಂಪನಿಗಳಿಗೆ ಯಂತ್ರ ಕೊಟ್ಟಿದ್ದ ಎರಿಕ್ಸನ್‌ನ ಸಾಫ್ಟ್‌ವೇರ್‌ನಲ್ಲಿ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅಷ್ಟೇ. ರಿಜಿಸ್ಟರ್ ನೋಡಿಕೊಳ್ಳುವ ಒಳಗಿನ ಯಂತ್ರಗಳು ಕೈಚೆಲ್ಲಿದವು. ಬ್ರಿಟನ್ನಿನಲ್ಲಿ ಕೋಟಿಗಟ್ಟಲೆ ಜನರಿಗೆ ಇಂಟರ್ನೆಟ್ ಇಲ್ಲದಾಯಿತು. ಅಂಥ ದಿನ ಸಿಮ್ ಒರೆಸುತ್ತಾ ಕೂತವರ ಬಗ್ಗೆ ಪಾಪ ಅನ್ನಿಸುತ್ತದೆ. ಪಕ್ಕದವರನ್ನು ಮೊದಲು ಕೇಳಿ ಎಂದದ್ದು ಇದಕ್ಕೇ.

## ಆ ತುರ್ತು ಕರೆ ನಿಜಕ್ಕೂ ಹೋಗುತ್ತದಾ?

ಸಾಮಾನ್ಯವಾಗಿ ಹೋಗುತ್ತದೆ. 112 ಎಂಬುದು ಜಿಎಸ್‌ಎಂ ಎಂಬ ಮೊಬೈಲ್ ಜಾಲಗಳ ನಿಯಮಾವಳಿಯಲ್ಲೇ ಸೇರಿರುವ ತುರ್ತು ಸಂಖ್ಯೆ. ಅದನ್ನು ಒತ್ತಿದಾಗ ಫೋನ್ ಸಾಮಾನ್ಯ ಕರೆಯ ಹಾಗೆ ನೋಡದೆ ಸಿಕ್ಕಿದ ಟವರಿನ ಮೂಲಕ, ಅದು ಯಾವ ಕಂಪನಿಯದೇ ಆಗಿರಲಿ, ಕಳಿಸಲು ನೋಡುತ್ತದೆ. ಎಷ್ಟೋ ಕಡೆ ಸಿಮ್ ಇಲ್ಲದೆಯೂ ನಡೆಯುತ್ತದೆ. ಎಲ್ಲ ಕಡೆ ಅಲ್ಲ. ಸುಳ್ಳು ಕರೆಗಳ ಕಾಟ ತಡೆಯಲಾರದೆ ಜರ್ಮನಿ 2009ರಲ್ಲಿ ಸಿಮ್ ಇಲ್ಲದ ಫೋನಿನ ತುರ್ತು ಕರೆಗಳನ್ನು ನಿಲ್ಲಿಸಿತು. ಹಾಗಾಗಿ ಫೋನ್ ಸರಿಯಾಯಿತೇ ಎಂದು ನೋಡಲು ದಯವಿಟ್ಟು ಆ ನಂಬರ್ ಒತ್ತಬೇಡಿ.

ಒಂದು ವಿಚಿತ್ರವೂ ಇದೆ. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಜಾಲ ದೇಶದುದ್ದಕ್ಕೂ ಬಿದ್ದುಹೋಯಿತು. ಎಷ್ಟೋ ಗ್ರಾಹಕರಿಗೆ ತುರ್ತು ಕರೆ ಕೂಡ ಹೋಗಲಿಲ್ಲ. ಕಾರಣ, ಟವರುಗಳು ಉಸಿರಾಡುತ್ತಿದ್ದವು, ಒಳಗಿನ ಯಂತ್ರಗಳು ಸತ್ತಿದ್ದವು. ತಮ್ಮ ಕಂಪನಿಯ ಟವರ್ ಇನ್ನೂ ಕಾಣುತ್ತಿದ್ದರಿಂದ ಫೋನ್‌ಗಳು ಅದನ್ನೇ ಹಿಡಿದುಕೊಂಡು ನಿಂತವು, ಬೇರೆಯವರ ಟವರಿಗೆ ಹೋಗಲೇ ಇಲ್ಲ. ಅಂಥ ಸ್ಥಿತಿಯಲ್ಲಿ ಸಿಮ್ ಹೊರತೆಗೆದು ಕರೆ ಮಾಡಿದರೆ ಫೋನ್ ಯಾರಿಗೂ ನಿಷ್ಠೆ ತೋರಿಸಬೇಕಿಲ್ಲ, ಸಿಕ್ಕಿದ ಟವರ್ ಹಿಡಿಯುತ್ತದೆ. ತಲೆಕೆಳಗು ಅನ್ನಿಸಿದರೂ ಸಿಮ್ ಇಲ್ಲದ ತುರ್ತು ಕರೆಗೆ ಅವಕಾಶವಿರುವ ಕಡೆ ಅದು ಕೆಲಸ ಮಾಡಬಹುದಾದ ಉಪಾಯ.

ದಾಖಲಾಗದ ಫೋನಿನಿಂದ ಹೋದ ಕರೆಗೆ ಒಂದು ಕೊರತೆ ಇದೆ. ಅತ್ತ ಕಡೆಯವರಿಗೆ ನಿಮ್ಮ ನಂಬರ್ ಸಿಗುವುದಿಲ್ಲ. ಮಧ್ಯದಲ್ಲಿ ಕರೆ ಕಡಿದರೆ ಅವರು ವಾಪಸ್ ಕರೆ ಮಾಡಲಾರರು. ಆದ್ದರಿಂದ ಲೈನ್ ಸಿಕ್ಕಿದ ಕೂಡಲೇ ಏನಾಯಿತು ಎಂಬುದಕ್ಕಿಂತ ಮೊದಲು ಎಲ್ಲಿದ್ದೀರಿ ಎಂದು ಹೇಳಿ, ಹತ್ತಿರದ ಗುರುತು ಸಮೇತ.